ನೂರನಾಲ್ಕು ಶುಕ್ರವಾರಗಳ ಕೊಂಬೆ

ಕೆಂಪು ಮಫ್ಲರ್ ಮೊಳೆಯ ಮೇಲೆ ಇರಲಿಲ್ಲ.

“ಮಫ್ಲರ್ ಎಲ್ಲಿ ದೊಡ್ಡಮ್ಮ?” ಭೂತಕನ್ನಡಿ ಕೇಳಿದ.

“ಮೊಳೆ ಮೇಲಿಲ್ಲ ಅಂದ್ರೆ ಯಾರದೋ ಕತ್ತಲ್ಲಿರುತ್ತೆ,” ದೊಡ್ಡಮ್ಮ ಮುಖ ಎತ್ತದೆ ಹೇಳಿದರು. “ಯಾರೋ ಮರ್ಜ್ ಮಾಡ್ತಿರಬೇಕು. ಅದಕ್ಕೆ ನನ್ನನ್ಯಾಕೆ ಕೇಳ್ತೀರ?”

ಅವರು ಅಲ್ಲಿ ಯಾರಿಗೂ ದೊಡ್ಡಮ್ಮನಲ್ಲ. ಕಚೇರಿಯ ಅತಿ ಹಿರಿಯ ಟೆಸ್ಟರ್. ಬೇರೆಯವರು ಬರೆದದ್ದನ್ನು ಕುಟ್ಟಿ, ತಟ್ಟಿ, ಬೀಳಿಸಿ ನೋಡುವುದೇ ಅವರ ಕೆಲಸ. ಅವರಿಂದ ಬೈಸಿಕೊಂಡವರೆಲ್ಲ ಸೇರಿ ಆ ಹೆಸರಿಟ್ಟಿದ್ದರು. ಇವತ್ತು ಅವರ ಸ್ವೆಟರಿನ ತೋಳಿಗೆ ಒಂದು ಕೆಂಪು ಉಲ್ಲನ್ ಎಳೆ ಅಂಟಿಕೊಂಡಿತ್ತು.

ಭೂತಕನ್ನಡಿ ಒಮ್ಮೆ ಸುತ್ತ ಕಣ್ಣಾಡಿಸಿದ. ಹನ್ನೆರಡು ಮೇಜು, ಹನ್ನೆರಡು ಕತ್ತು. ಒಂದರಲ್ಲೂ ಕೆಂಪು ಇಲ್ಲ.

ಆ ಕಚೇರಿಯಲ್ಲಿ ಒಂದು ವಿಚಿತ್ರ ಪದ್ಧತಿಯಿತ್ತು. ತಾನು ಬರೆದದ್ದನ್ನು ಉಳಿದವರ ಕೆಲಸದೊಂದಿಗೆ ಕೂಡಿಸುವವರು, ಅಂದರೆ ಮರ್ಜ್ ಮಾಡುವವರು, ಆ ಮಫ್ಲರ್ ಸುತ್ತಿಕೊಂಡೇ ಕೂರಬೇಕು. ಇರುವುದು ಒಂದೇ ಮಫ್ಲರ್, ಆದ್ದರಿಂದ ಒಂದು ಸಲಕ್ಕೆ ಒಬ್ಬರೇ. ಬೇಸಿಗೆಯಲ್ಲಿ ಬೆವರು ಕಿತ್ತುಕೊಂಡು ಬಂದರೂ ವಿನಾಯಿತಿ ಇರಲಿಲ್ಲ. ಅದನ್ನು ಹೆಣೆದವಳು ಅಲ್ಲೇ ಕೆಲಸ ಮಾಡುತ್ತಿದ್ದ ಭೂತಕನ್ನಡಿಯ ಅಕ್ಕ. ಒಂದು ತುದಿ ಬಿಚ್ಚಿಕೊಂಡು ಎಳೆ ಜೋತಾಡುತ್ತಿತ್ತು. ಎರಡು ವರ್ಷದಿಂದ ಅದಕ್ಕೆ ಗಂಟು ಹಾಕುವ ಮನಸ್ಸು ಯಾರಿಗೂ ಬಂದಿರಲಿಲ್ಲ.

ಗಂಟೆ ಮೂರಾಗಿತ್ತು. ಐದಕ್ಕೆ ಅವನು ಒಂದು ಹೆಸರು ಬರೆದುಕೊಡಬೇಕಿತ್ತು.

ಕಂಪನಿ ಮಾಡುವುದು ಆಸ್ಪತ್ರೆಗಳಲ್ಲಿ ಎಳೆಗೂಸುಗಳನ್ನು ಬೆಚ್ಚಗಿಡುವ ತೊಟ್ಟಿಲುಗಳ ಸಾಫ್ಟ್‌ವೇರ್. ಬಿಸಿ ಹೆಚ್ಚಾದರೆ ಒಂದು ಅಲಾರಂ, ಉಸಿರು ತಗ್ಗಿದರೆ ಇನ್ನೊಂದು. ಮೂರು ವಾರದ ಹಿಂದೆ ಒಂದು ಆಸ್ಪತ್ರೆಯಲ್ಲಿ ಎರಡೂ ಒಟ್ಟಿಗೆ ಹೊಡೆದುಕೊಂಡವು. ನರ್ಸ್ ಒಂದನ್ನು ನಿಲ್ಲಿಸಿದಳು. ಅದರ ಜೊತೆಗೆ ಎರಡನೆಯದೂ ಬಾಯಿ ಮುಚ್ಚಿತು. ಏಳು ನಿಮಿಷ. ಆ ಹೆಣ್ಣುಮಗಳು ಯಾಕೋ ಮನಸ್ಸು ತಡೆಯದೆ ತಿರುಗಿ ಬಂದು ನೋಡಿದ್ದರಿಂದ ಮಗು ಉಳಿಯಿತು.

ಈ ದೋಷ ಹೊಸದಲ್ಲ. ಎರಡು ವರ್ಷದ ಹಿಂದೆಯೇ ಅಕ್ಕ ಅದನ್ನು ಹಿಡಿದು ಸರಿಪಡಿಸಿದ್ದಳು. ಸರಿಪಡಿಸಿದ ವಾರವೇ, ಒಂದು ಭಾನುವಾರ, ಒಂದೇ ಚೀಲ ಹಿಡಿದು ಮನೆಯಿಂದ ಹೊರಟುಹೋದಳು. ‘ಹುಡುಕಬೇಡಿ’ ಎಂದು ಒಂದು ಚೀಟಿ ಬಿಟ್ಟಿದ್ದಳು. ಆಮೇಲೆ ಸುದ್ದಿಯಿಲ್ಲ, ಸುಳಿವಿಲ್ಲ.

ಕಚೇರಿಯಲ್ಲಿ ಒಂದೇ ಸಾಫ್ಟ್‌ವೇರಿನ ಎರಡು ಪ್ರತಿ ಅಕ್ಕಪಕ್ಕದಲ್ಲಿ ಬೆಳೆಯುತ್ತವೆ. ಆಸ್ಪತ್ರೆಗಳಲ್ಲಿ ಆಗಲೇ ಓಡುತ್ತಿರುವುದು ಹಳೇ ಮರ, ಮುಂದೆ ಹೋಗಬೇಕಾದ್ದು ಹೊಸ ಮರ. ಹಳೇ ಮರಕ್ಕೆ ತೇಪೆ ಹಾಕಿದವರು ಅದೇ ತೇಪೆಯನ್ನು ತಮ್ಮ ಕೈಯಾರೆ ಹೊಸ ಮರಕ್ಕೂ ದಾಟಿಸಬೇಕು. ಹೋದ ತಿಂಗಳು ಹೊಸ ಮರ ಆಸ್ಪತ್ರೆಗಳಿಗೆ ಹೋಯಿತು. ಅದರಲ್ಲಿ ಅಕ್ಕನ ತೇಪೆ ಇರಲಿಲ್ಲ.

“ನಿಮ್ಮಕ್ಕ ದಾಟಿಸೋದು ಮರೆತರು, ಅಷ್ಟೇ,” ಎಂದಿದ್ದರು ಮೇಡಂ, ಕಂಪನಿಯ ಒಡತಿ, ಬೆಳಿಗ್ಗೆ. “ವರದಿಯಲ್ಲಿ ಹೊಣೆಗಾರರು ಅನ್ನೋ ಜಾಗ ಖಾಲಿ ಇದೆ. ಒಂದು ಹೆಸರು ಬರೀರಿ. ಐದು ಗಂಟೆಗೆ ಆಸ್ಪತ್ರೆಯವರ ಕೈ ಸೇರಬೇಕು.”

“ತಮ್ಮನ ಕೈಲೇ ಬರೆಸ್ತೀರಾ ಮೇಡಂ?”

“ಅವರು ಬರೆದಿದ್ದನ್ನ ಓದಬಲ್ಲವರು ನೀವೊಬ್ಬರೇ ಅಂತ ತಾನೇ ನಿಮ್ಮನ್ನ ಕರೆಸಿದ್ದು?”

ಅದು ಸುಳ್ಳಲ್ಲ. ಊರವರ ಕಳೆದುಹೋದ ಕಡತ, ಕದ್ದ ಗುಪ್ತಪದ, ಅಳಿಸಿದ ಪತ್ರ ಎಲ್ಲವನ್ನೂ ಹುಡುಕಿಕೊಡುವುದು ಅವನ ಹೊಟ್ಟೆಪಾಡು. ಚಿಕ್ಕಂದಿನಲ್ಲಿ ಅಂಗಳದ ಇರುವೆಗಳ ಹಿಂದೆ ಮಂಡಿಯೂರಿ ಹೋಗುತ್ತಿದ್ದವನಿಗೆ ಭೂತಕನ್ನಡಿ ಎಂದು ಹೆಸರಿಟ್ಟವಳೇ ಅಕ್ಕ. ಅಂಥವನಿಗೆ ಅವಳನ್ನು ಹುಡುಕಲು ಆಗಿರಲಿಲ್ಲ. ಬಸ್ಸಿನಲ್ಲಿ ಯಾರೋ ಅವಳ ಹಾಗೆ ಜಡೆ ಹಿಂದಕ್ಕೆ ಎಸೆದರೆ ಈಗಲೂ ಎರಡು ಸ್ಟಾಪ್ ಮುಂದೆ ಹೋಗಿ ಇಳಿಯುತ್ತಿದ್ದ. ಅವಳ ಹೆಸರು ಆ ಖಾಲಿ ಜಾಗದಲ್ಲಿ ಕೂತರೆ ಅವಳು ತಿರುಗಿ ಬರುವ ದಾರಿಗೆ ತಾನೇ ಬೇಲಿ ಹಾಕಿದಂತೆ ಎಂಬುದು ಅವನಿಗೆ ಗೊತ್ತಿತ್ತು.

ಒಂಬತ್ತು ದಿನದಿಂದ ಅವನು ಅಕ್ಕನ ಹಳೆಯ ಟಿಪ್ಪಣಿಗಳನ್ನು ಓದುತ್ತಿದ್ದ. ಕೋಡ್ ಬದಲಿಸಿದವರು ಪ್ರತಿ ಸಲ ಒಂದು ಸಾಲು ಟಿಪ್ಪಣಿ ಬರೆಯಬೇಕು. ಉಳಿದವರು ‘ಸರಿ ಮಾಡಿದೆ’, ‘ಮತ್ತೆ ಸರಿ ಮಾಡಿದೆ’ ಎಂದು ಕೈ ತೊಳೆದುಕೊಳ್ಳುತ್ತಿದ್ದರು. ಅಕ್ಕನದು ಮಾತ್ರ ಪ್ರತಿಯೊಂದೂ ‘ಯಾಕೆಂದರೆ’ ಎಂದೇ ಶುರುವಾಗುತ್ತಿತ್ತು. ಏನು ಮಾಡಿದೆ ಅಂತ ಎಲ್ಲರಿಗೂ ಕಾಣುತ್ತೆ ಕಣೋ, ಯಾಕೆ ಮಾಡಿದೆ ಅಂತ ಹೇಳು, ಎಂದು ಅವನ ಶಾಲೆಯ ಲೆಕ್ಕದ ಪುಸ್ತಕದ ಮೇಲೂ ಕುಟ್ಟಿ ಹೇಳುತ್ತಿದ್ದವಳು ಅವಳು.

ಇವತ್ತು ಊಟದ ಹೊತ್ತಿಗೆ ಅವನಿಗೆ ಬೇಕಾದ್ದು ಸಿಕ್ಕಿತ್ತು. ಇನ್ನು ಭಾವನನ್ನು ಕೇಳುವುದೊಂದೇ ಬಾಕಿ.

ಭಾವ, ಅಂದರೆ ಅಕ್ಕನ ಗಂಡ, ಅದೇ ಕಚೇರಿಯಲ್ಲಿ ಅವಳ ಪಕ್ಕದ ಮೇಜಿನವನು. ಬೆಳಿಗ್ಗೆ ಹತ್ತರಿಂದ ಆಸ್ಪತ್ರೆಯ ಕಡೆಯವರು ಅವನನ್ನು ಮೇಲಿನ ಮಹಡಿಯಲ್ಲಿ ಕೂರಿಸಿಕೊಂಡು ಜಾಲಾಡಿ, ಈಗಷ್ಟೇ ಕೆಳಗೆ ಬಿಟ್ಟಿದ್ದರು. ಮೀಟಿಂಗ್ ಕೋಣೆಯಲ್ಲಿ ಆರಿದ ಕಾಫಿಯ ಮುಂದೆ ಕೂತಿದ್ದ.

“ಊಟ ಆಯ್ತಾ ಭಾವ?”

“ಬಿಡು. ನೀನು ಊಟ ವಿಚಾರಿಸಿದ್ರೆ ಆಮೇಲೆ ಏನೋ ಕಾದಿರುತ್ತೆ.”

ಭೂತಕನ್ನಡಿ ಲ್ಯಾಪ್‌ಟಾಪ್ ಅವನ ಕಡೆ ತಿರುಗಿಸಿದ. “ಅಕ್ಕ ಮರೆತಿಲ್ಲ. ಆ ವಾರ ಮಂಗಳವಾರವೇ ತೇಪೆಯನ್ನ ಹೊಸ ಮರಕ್ಕೆ ದಾಟಿಸಿದ್ದಾಳೆ. ಬುಧವಾರ ಹೊಸ ಮರದಿಂದ ತನ್ನದೇ ಒಂದು ಬ್ರಾಂಚ್, ಅಂದ್ರೆ ಬೇರೆ ಕೊಂಬೆ, ಮಾಡ್ಕೊಂಡು ಅದೇ ಜಾಗದಲ್ಲಿ ಮುಂದಿನ ಕೆಲಸ ಶುರು ಮಾಡಿದ್ದಾಳೆ. ಶುಕ್ರವಾರ ಹೊಸ ಮರದಲ್ಲಿ ತೇಪೆ ಇಲ್ಲ.”

“ಅಳಿಸಿದ್ದು ಯಾರು ಅಂತ ದಾಖಲೆ ಇರಬೇಕಲ್ಲ.”

“ಅಳಿಸಿದ ದಾಖಲೆ ಇಲ್ಲ. ಅದಕ್ಕೇ ಇಷ್ಟು ದಿನ ಯಾರಿಗೂ ಸಿಗಲಿಲ್ಲ. ನಡುವೆ ಒಂದು ಮರ್ಜ್ ಇದೆ ಅಷ್ಟೇ. ಎರಡು ಕೊಂಬೆ ಸೇರಿದ ಗಂಟಿಗೆ ಎರಡು ಬೇರು ಇರುತ್ತೆ. ಎಲ್ಲರೂ ಒಂದನ್ನ ಹಿಡಿದು ನೋಡಿದ್ರು. ನಾನು ಇವತ್ತು ಇನ್ನೊಂದು ಕಡೆಯಿಂದ ಬಂದೆ. ಆ ಕಡೆ ತೇಪೆ ಇದೆ. ಗಂಟಿನೊಳಗೆ ಹೋಯ್ತು, ಹೊರಗೆ ಬರಲಿಲ್ಲ.”

ಭಾವ ಕಾಫಿ ಲೋಟವನ್ನು ಸುಮ್ಮನೆ ತಿರುಗಿಸುತ್ತಿದ್ದ.

“ಆ ಗಂಟು ಹಾಕಿದ್ದು ನೀವು.”

ಹೊರಗೆ ಯಾರೋ ನಕ್ಕರು, ಪ್ರಿಂಟರ್ ಒಮ್ಮೆ ಗೊರಗುಟ್ಟಿ ನಿಂತಿತು. ಭಾವ ಲೋಟವನ್ನು ಪಕ್ಕಕ್ಕೆ ಸರಿಸಿದ.

“ಮೂರು ತಿಂಗಳು ನನ್ನ ಬ್ರಾಂಚ್‌ನಲ್ಲಿ ನಾನೊಬ್ಬನೇ ಕೆಲಸ ಮಾಡ್ತಿದ್ದೆ. ವಾರವಾರ ತಂದು ಸೇರಿಸಿ, ಇಲ್ಲಾಂದ್ರೆ ಆಮೇಲೆ ಕಷ್ಟ ಆಗುತ್ತೆ ಅಂತ ಅವಳು ಹೇಳ್ತಾನೇ ಇದ್ದಳು. ಹೇಳಿದಷ್ಟೂ ನನಗೆ ಹಟ. ಗುರುವಾರ ಮನೆಯಲ್ಲಿ ಅದೇ ಮಾತಿಗೆ ದೊಡ್ಡ ಜಗಳ ಆಯ್ತು. ಶುಕ್ರವಾರ ಬಂದು ಮಫ್ಲರ್ ಸುತ್ಕೊಂಡು ಕೂತೆ. ನೂರಹದಿನೇಳು ಕಡೆ ತಕರಾರು ಬಂತು.”

ಒಂದೇ ಸಾಲನ್ನು ಇಬ್ಬರು ಎರಡು ಥರ ಬರೆದಿದ್ದರೆ ಯಂತ್ರ ನಿಂತು ಕೇಳುತ್ತದೆ: ಯಾವುದು ಇರಲಿ? ಕೂಡಿಸುವವರು ಒಂದೊಂದನ್ನೂ ಓದಿ ತೀರ್ಮಾನಿಸಬೇಕು. ಸೋಮಾರಿಗಳಿಗೂ ಸಿಟ್ಟಿನವರಿಗೂ ಒಂದು ಅಡ್ಡದಾರಿ ಇದೆ. ಎಲ್ಲ ಕಡೆಯೂ ನನ್ನದೇ ಇರಲಿ ಎಂದು ಒಂದೇ ಸಲ ಹೇಳಿಬಿಡಬಹುದು.

“ಓದಲಿಲ್ಲ,” ಭಾವ ಹೇಳಿದ. “ನನ್ನದೇ ಇರಲಿ ಅಂದುಬಿಟ್ಟೆ. ಅವಳ ತೇಪೆ, ಅದನ್ನ ಪರೀಕ್ಷೆ ಮಾಡೋಕೆ ಅವಳು ಬರೆದಿಟ್ಟಿದ್ದು, ಎಲ್ಲಾ ಹೋಯ್ತು. ಏನು ಹೋಯ್ತು ಅಂತಲೂ ನನಗೆ ಗೊತ್ತಾಗಲಿಲ್ಲ. ಭಾನುವಾರ ಅವಳೇ ಹೋದಳು.”

ಭೂತಕನ್ನಡಿಗೆ ಸಿಟ್ಟು ಬರಬೇಕಿತ್ತು. ಬಂದಿತ್ತು ಕೂಡ. ಆದರೆ ಮಧ್ಯಾಹ್ನ ಅವನಿಗೆ ಸಿಕ್ಕಿದ್ದು ಅದೊಂದೇ ಅಲ್ಲ.

“ಅಕ್ಕನ ಬ್ರಾಂಚ್ ಎರಡು ವರ್ಷದಿಂದ ಸತ್ತುಬಿದ್ದಿರಬೇಕಿತ್ತು. ಸತ್ತಿಲ್ಲ. ಪ್ರತಿ ಶುಕ್ರವಾರ ಹನ್ನೊಂದು ಗಂಟೆಗೆ ಯಾರೋ ಹೊಸ ಮರದಲ್ಲಿ ಆ ವಾರ ಆಗಿದ್ದನ್ನೆಲ್ಲ ತಂದು ಅದಕ್ಕೆ ಸೇರಿಸ್ತಿದ್ದಾರೆ. ನಿಮ್ಮ ಹೆಸರಲ್ಲಿ.”

ಭಾವನ ಕಿವಿ ಕೆಂಪಾಯಿತು. ನಲವತ್ತೈದು ದಾಟಿದ ಗಂಡಸು ಪ್ರೇಮಪತ್ರದ ಸಮೇತ ಸಿಕ್ಕಿಬಿದ್ದವನ ಹಾಗೆ ಕಿಟಕಿಯ ಕಡೆ ನೋಡಿದ.

“ಅವಳು ಬಂದ ದಿನ ಅವಳ ಕೆಲಸ ಹಳತಾಗಿರಬಾರದು ಅಂತ,” ಎಂದ. “ಎರಡು ವರ್ಷ ಹಾಗೇ ಬಿಟ್ಟಿದ್ರೆ ಅದು ಇನ್ಯಾವತ್ತೂ ಸೇರುತ್ತಿರಲಿಲ್ಲ. ಹೀಗೆ ವಾರವಾರ ಸೇರಿಸಿದ್ರೆ, ಅವಳು ಬಂದು ಕುರ್ಚಿ ಎಳ್ಕೊಂಡು ಕೂತರೆ ಆಯ್ತು, ಬಿಟ್ಟ ಸಾಲಿಂದ ಶುರು ಮಾಡಬಹುದು. ನನ್ನ ಗುಪ್ತಪದವನ್ನೂ ಬದಲಾಯಿಸಿಲ್ಲ. ಅವಳಿಗೆ ಗೊತ್ತಿರೋದೇ ಇದೆ. ಬದಲಾಯಿಸಿದ್ರೆ ಅವಳು ಒಳಗೆ ಬರೋದು ಹೇಗೆ?”

“ಪ್ರತಿ ವಾರ ಅಲ್ಲೂ ತಕರಾರು ಬಂದಿರಬೇಕಲ್ಲ.”

“ಬರ್ತಿತ್ತು. ಎಲ್ಲ ಕಡೆ ಅವಳದೇ ಇರಲಿ ಅಂತಿದ್ದೆ.”

“ಓದಿ?”

ಭಾವ ತಲೆ ಎತ್ತಿದ. ಅವನ ಮುಖದಲ್ಲಿ ಏನೋ ನಿಧಾನವಾಗಿ ಇಳಿಯುತ್ತಿರುವುದನ್ನು ಭೂತಕನ್ನಡಿ ನೋಡಿದ. ನೋಡಬಾರದಿತ್ತು ಅನ್ನಿಸಿತು.

“ಓದದೆ,” ಎಂದ ಭಾವ. “ಆವತ್ತು ಓದದೆ ನನ್ನದು ಅಂದೆ. ಆಮೇಲೆ ಓದದೆ ಅವಳದು ಅಂದೆ.”

“ಆ ತೇಪೆ ಪ್ರತಿ ಶುಕ್ರವಾರ ನಿಮ್ಮ ಕಣ್ಣ ಮುಂದೆ ಇತ್ತು ಭಾವ. ಒಂದೇ ಒಂದು ಸಲ ಓದಿದ್ರೆ ಸಾಕಿತ್ತು. ಇಲ್ಲಿದೆಯಲ್ಲ, ಅಲ್ಲಿಲ್ಲವಲ್ಲ ಅಂತ ಗೊತ್ತಾಗ್ತಿತ್ತು. ಆ ಮಗು ಏಳು ನಿಮಿಷ ಹಾಗೆ ಮಲಗಿರುತ್ತಿರಲಿಲ್ಲ.”

ಭಾವ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಅವನು ಅತ್ತನೋ ಇಲ್ಲವೋ ಗೊತ್ತಾಗಲಿಲ್ಲ, ಆದರೆ ಕೈ ತೆಗೆದಾಗ ಧ್ವನಿ ಗಟ್ಟಿಯಾಗಿತ್ತು.

“ನನ್ನ ಹೆಸರು ಬರಿ.”

“ಬರೆದರೆ ಐದು ಗಂಟೆಗೆ ನಿಮ್ಮನ್ನ ಇಲ್ಲಿಂದ ಕಳಿಸ್ತಾರೆ. ಅಕ್ಕನ ಬ್ರಾಂಚ್ ನೋಡಿಕೊಳ್ಳೋರು ಯಾರೂ ಇರಲ್ಲ. ನಿಮ್ಮ ಹೆಸರು, ಗುಪ್ತಪದ ಎಲ್ಲಾ ಮುಚ್ಚಿಬಿಡ್ತಾರೆ.”

“ಗೊತ್ತು.” ಭಾವ ಎದ್ದು ನಿಂತ. “ಅವಳು ಬರೋ ದಾರಿ ಕಾಯೋಕೆ ಅವಳ ಹೆಸರನ್ನೇ ಬಲಿ ಕೊಡೋದಾ? ಬರಿ ಅಂದೆನಲ್ಲ.”

ಭೂತಕನ್ನಡಿ ಬರೆದ. ಖಾಲಿ ಜಾಗದಲ್ಲಿ ಭಾವನ ಹೆಸರು ಕೂತಿತು. ಆ ಕಚೇರಿಯಲ್ಲಿ ವರದಿಗಳೂ ಕೋಡ್ ಜೊತೆಗೆ ಒಂದೇ ಕಡೆ ಇರುತ್ತಿದ್ದವು. ಅವನು ಉಳಿಸಿದ. ಮೇಡಂ ತಮ್ಮ ಕೋಣೆಯಲ್ಲಿ ಅದನ್ನು ತೆರೆದು ಪ್ರಿಂಟ್ ತೆಗೆದುಕೊಳ್ಳುತ್ತಾರೆ. ಗೋಡೆಯ ಗಡಿಯಾರದಲ್ಲಿ ನಾಲ್ಕೂಮುಕ್ಕಾಲು.

ಕೈಗೆ ಬೇರೆ ಕೆಲಸವಿಲ್ಲದೆ, ಕೊನೆಯ ಸಲ ಎಂಬಂತೆ, ಅವನು ಅಕ್ಕನ ಕೊಂಬೆಯನ್ನು ತೆರೆದ. ಶುಕ್ರವಾರಗಳು ಒಂದರ ಮೇಲೊಂದು ಸಾಲಾಗಿ ನಿಂತಿದ್ದವು. ಎಣಿಸಿದ. ನೂರನಾಲ್ಕು.

ಮಧ್ಯಾಹ್ನ ಎಣಿಸಿದಾಗ ಇವತ್ತಿನದು ಸೇರಿದೆ ಎಂದು ಅವನಿಗೆ ಹೊಳೆದೇ ಇರಲಿಲ್ಲ. ಇವತ್ತು ಶುಕ್ರವಾರ. ಮರ್ಜ್ ಆಗಿರುವುದು ಭಾವನ ಹೆಸರಲ್ಲೇ, ಹನ್ನೊಂದು ಗಂಟೆ ಏಳು ನಿಮಿಷಕ್ಕೆ.

“ಭಾವ, ಹನ್ನೊಂದಕ್ಕೆ ನೀವು ಮೇಲಿನ ಮಹಡಿಯಲ್ಲಿದ್ರಲ್ಲ?”

“ಹತ್ತರಿಂದ ಅಲ್ಲೇ. ನೀರು ಕುಡಿಯೋಕೂ ಬಿಡಲಿಲ್ಲ. ಎರಡು ವರ್ಷದಲ್ಲಿ ಇದೇ ಮೊದಲ ಶುಕ್ರವಾರ, ಸೇರಿಸೋಕೆ ಆಗಲಿಲ್ಲ.”

ಭೂತಕನ್ನಡಿ ಕುರ್ಚಿ ಮುಂದಕ್ಕೆ ಎಳೆದುಕೊಂಡ. ಆ ಗಂಟನ್ನು ಬಿಚ್ಚಿ ನೋಡಿದ. ಅವಘಡವಾದ ಮೇಲೆ ಗಾಬರಿಯಲ್ಲಿ ಭಾವ ಮೊನ್ನೆ ಹೊಸ ಮರದ ಅಲಾರಂ ಸಾಲನ್ನು ಮುಟ್ಟಿದ್ದ, ಆದ್ದರಿಂದ ಅಲ್ಲಿ ಮತ್ತೆ ತಕರಾರು ಬಂದಿತ್ತು. ಅದೂ ಸೇರಿ ಒಟ್ಟು ನಲವತ್ತಮೂರು ಕಡೆ. ಇವತ್ತು ಕೂಡಿಸಿದವರು ಎಲ್ಲವನ್ನೂ ಓದಿದ್ದರು. ಕೆಲವು ಕಡೆ ಭಾವನದು ಉಳಿದಿತ್ತು, ಕೆಲವು ಕಡೆ ಅಕ್ಕನದು. ಅಲಾರಂ ಇದ್ದ ಜಾಗದಲ್ಲಿ ಎರಡೂ ಇದ್ದವು, ಒಂದರ ಕೆಳಗೊಂದು.

ಅದರ ಟಿಪ್ಪಣಿ: ‘ಯಾಕೆಂದರೆ ಎರಡೂ ಬೇಕು’.

ಅವನು ಪರದೆಯನ್ನು ತಿರುಗಿಸಿದ. ಭಾವ ಮೊದಲ ಪದ ನೋಡಿದವನೇ ಕುರ್ಚಿ ಎಳೆದು ಕೂತ. ಕಣ್ಣು ತುಂಬಿ ಬಂದವು, ಮುಂದಿನದು ಅವನಿಗೆ ಕಾಣಿಸಲಿಲ್ಲ. ಅವಳು, ಅವಳೇ, ಎಂದು ಎರಡು ಸಲ ಹೇಳಿದ.

ಬಾಗಿಲು ತೆರೆಯಿತು. ಮೇಡಂ ಕೈಯಲ್ಲಿ ಇನ್ನೂ ಬೆಚ್ಚಗಿದ್ದ ಹಾಳೆ ಹಿಡಿದು ನಿಂತಿದ್ದರು.

“ಒಂದು ಹೆಸರು ಬರೀರಿ ಅಂದಿದ್ದೆ ನಾನು. ಎರಡು ಬರೆದಿದ್ದೀರಿ.”

ಭೂತಕನ್ನಡಿ ಹಾಳೆ ಇಸಿದುಕೊಂಡ. ಹೊಣೆಗಾರರು ಎಂಬಲ್ಲಿ ಭಾವನ ಹೆಸರಿತ್ತು. ಅದರ ಕೆಳಗೆ ಅಕ್ಕನ ಹೆಸರು. ಅದರ ಕೆಳಗೆ ಅವನು ಬರೆಯದ ಇನ್ನೊಂದು ಸಾಲು.

‘ಯಾಕೆಂದರೆ ಅವರು ಅಳಿಸಿದ್ದನ್ನು ಆ ಶುಕ್ರವಾರವೇ ನೋಡಿದೆ. ನೋಡಿಯೂ ಯಾರಿಗೂ ಹೇಳದೆ ಹೋದೆ’.

ಅವನು ಉಳಿಸಿದ ಮೇಲೆ, ಒಂಬತ್ತು ನಿಮಿಷದ ಒಳಗೆ, ಯಾರೋ ಅದನ್ನು ಬದಲಿಸಿದ್ದರು. ಈಗ ಗಂಟೆ ನಾಲ್ಕು ಐವತ್ತನಾಲ್ಕು.

ಆಗಲೇ ಮೊಗಸಾಲೆಯ ಕೊನೆಯಿಂದ ಅಲಾರಂ ಕೇಳಿಸಿತು. ಬಿಸಿಯದು. ಅದರ ಮೇಲೆ ಉಸಿರಿನದು. ಎರಡೂ ಒಟ್ಟಿಗೆ ಹೊಡೆದುಕೊಂಡವು, ಒಂದು ನಿಂತಿತು, ಅದರ ಜೊತೆಗೇ ಇನ್ನೊಂದೂ. ಕಚೇರಿಯ ಹನ್ನೆರಡು ಕತ್ತೂ ಮೇಲೆದ್ದವು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಎರಡನೆಯದು ತಾನಾಗಿ ಮತ್ತೆ ಕೂಗಿತು.

ಟೆಸ್ಟಿಂಗ್ ಕೋಣೆ. ಬೊಂಬೆಗಳನ್ನು ಮಲಗಿಸಿದ ಎಂಟು ತೊಟ್ಟಿಲುಗಳಿರುವ ಕೋಣೆ. ಅದರ ಕೀಲಿ ಒಬ್ಬರ ಹತ್ತಿರ ಮಾತ್ರ ಇರುವುದು.

ಭಾವ ಕುರ್ಚಿ ಬೀಳಿಸಿಕೊಂಡು ಓಡಿದ. ಭೂತಕನ್ನಡಿ ಅವನ ಹಿಂದೆ. ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ದೊಡ್ಡಮ್ಮ ನಿಂತಿದ್ದರು. ಮುಷ್ಟಿಯಲ್ಲಿ ಕೀಲಿ, ತೋಳಿನಲ್ಲಿ ಅದೇ ಕೆಂಪು ಎಳೆ.

“ಬೆಳಿಗ್ಗೆ ಎಂಟಕ್ಕೆ ಬಂದಳು,” ಅವರು ಹೇಳಿದರು. “ಪೇಪರ್‌ನಲ್ಲಿ ಮಗು ಸುದ್ದಿ ಓದಿದಳಂತೆ. ಮಫ್ಲರ್ ಕೇಳಿದಳು, ಕೊಟ್ಟೆ. ಕೆಲಸ ಮುಗಿಸಿ, ಬಿಚ್ಚಿಹೋಗಿದ್ದ ತುದೀನೂ ಹೆಣೆದುಬಿಟ್ಟಳು.”

“ಬಾಗಿಲು ತೆಗೀರಿ ದೊಡ್ಡಮ್ಮ,” ಭಾವ ಬೇಡಿಕೊಂಡ.

“ತೆಗೀತೀನಿ. ಅದಕ್ಕೂ ಮೊದಲು ನಿಮ್ಮನ್ನ ಒಂದು ಮಾತು ಕೇಳಬೇಕು ಅಂದಿದ್ದಾಳೆ. ಇವತ್ತಿನ ಮರ್ಜ್ ಓದಿದ್ದೀರಾ? ನಲವತ್ತಮೂರು ಕಡೆಯೂ? ಯಾವ ಕಡೆ ಏನು ಇಟ್ಟಿದ್ದಾಳೆ, ಹೇಳ್ತೀರಾ?”

ಭಾವ ಬಾಯಿ ತೆರೆದ. ಅವನ ಕಣ್ಣು ಭೂತಕನ್ನಡಿಯನ್ನು ಹುಡುಕಿದವು.

“ಅವರನ್ನಲ್ಲ, ನಿಮ್ಮನ್ನ ಕೇಳಿದ್ದು,” ಎಂದರು ದೊಡ್ಡಮ್ಮ. “ಐದು ಗಂಟೆಯವರೆಗೆ ಕಾಯ್ತೀನಿ ಅಂದಿದ್ದಾಳೆ. ಆಮೇಲೆ ಈ ಕೋಣೆ ಹಿಂದಿನ ಮೆಟ್ಟಿಲಿಂದ ಹೋಗ್ತೀನಿ, ಮತ್ತೆ ಬರಲ್ಲ ಅಂದಿದ್ದಾಳೆ.”

ಭಾವ ಬಾಗಿಲಿನಿಂದ ಹಿಂದೆ ಸರಿದ. ಆಮೇಲೆ ತಿರುಗಿ, ಹತ್ತಿರದ ಮೇಜಿನವರನ್ನು ಎಬ್ಬಿಸಿ ಅವರ ಕುರ್ಚಿಯಲ್ಲಿ ಕೂತ. ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡು, ಮೊದಲನೇ ಕಡೆಯಿಂದ, ಒಂದೊಂದೇ ಸಾಲು, ತುಟಿ ಅಲ್ಲಾಡಿಸುತ್ತ ಓದಲು ಶುರು ಮಾಡಿದ.

ಭೂತಕನ್ನಡಿ ಬಾಗಿಲಿಗೆ ಅಂಗೈ ಇಟ್ಟ. ಅಕ್ಕಾ ಎಂದು ಒಂದು ಸಲ ಕರೆದರೆ ಸಾಕು, ಅವಳು ಬಂದೇ ಬರುತ್ತಾಳೆ ಎಂದು ಅವನಿಗೆ ಗೊತ್ತಿತ್ತು. ತಮ್ಮನಿಗಾಗಿ ಬರುತ್ತಾಳೆ. ಆದರೆ ಅವಳು ಕಾಯುತ್ತಿರುವುದು ತಮ್ಮನಿಗಲ್ಲ. ಎರಡು ವರ್ಷ ನಾಲಿಗೆ ತುದಿಯಲ್ಲಿಟ್ಟುಕೊಂಡಿದ್ದ ಆ ಕರೆಯನ್ನು ಅವನು ನುಂಗಿಕೊಂಡ.

“ಎಷ್ಟಾಯ್ತು ಭಾವ?”

“ಹನ್ನೊಂದು,” ಎಂದ ಭಾವ, ಪರದೆಯಿಂದ ಕಣ್ಣು ತೆಗೆಯದೆ.

ಗಡಿಯಾರದ ಮುಳ್ಳು ಐದಕ್ಕೆ ಇನ್ನು ಎರಡು ನಿಮಿಷವಿದೆ ಎಂದು ತೋರಿಸುತ್ತಿತ್ತು. ಬಾಗಿಲ ಆಚೆ ಕುರ್ಚಿ ಹಿಂದಕ್ಕೆ ಸರಿದ ಸದ್ದು ಕೇಳಿಸಿತು.